ಅವ್ವನ್ನ ಕೋಟ್ಯಾಗ ಕುಂದ್ರಿಸಿ ಬಸ್ತಾಕ್ಕ ಹೋದದ್ದು

ನಮ್ಮವ್ವಗ ಬೆಳಗಾವಿ ಪ್ಯಾಟಿ ಓಣಿ ಓಣಿ ಗೊತ್ತಿತ್ತು. ಕಣ್ಣಿಲೆ ನೋಡಿದ್ದಿಲ್ಲ, ಅಷ್ಟ. ಖಾನಾಪುರದಿಂದ ಬೆಳಗಾವಿ ಏನ್ ಭಾಳ ದೂರ ಅಲ್ಲ, ಬಸ್ಸಿನ್ಯಾಗ ಕುಂತು ಒಂದು ತೂಕಡಿಕಿ ತಗಿಯೂದ್ರಾಗ ಬರ್ತೈತಿ. ಆದ್ರ ಹೊಲಾ, ದನಾ, ಮಕ್ಕಳು ಅಂತ ಐವತ್ತು ದಾಟಿದ್ರೂ ಆಕಿ ಆ ಪ್ಯಾಟ್ಯಾಗ ಕಾಲಿಟ್ಟಿದ್ದಿಲ್ಲ. ನಮ್ಮಪ್ಪಗ ಜಡ್ಡಾದಾಗ ಬೆಳಗಾವಿ ದವಾಖಾನಿಗೆ ಹೋಗಿದ್ಳು. ಹದಿನೈದು ದಿನ ದವಾಖಾನಿ ಗ್ವಾಡಿ ನೋಡಿಕೋತ ಕುಂತು, ಅಪ್ಪನ್ನ ಕಳಕೊಂಡು ತಿರುಗಿ ಬಂದ್ಳು. ಅದಕ್ಕ ಬೆಳಗಾವಿ ನೋಡಿದ್ಳು ಅನ್ನಾಕ ಬರಂಗಿಲ್ಲ.

ಮತ್ತ ಹೆಂಗ ಗೊತ್ತಿತ್ತು ಅಂದ್ರ, ಆಕಿ ಅಪ್ಪ, ಅಂದ್ರ ನಮ್ಮ ಮುತ್ಯಾ, ಹೇರೆತ್ತು ಹೊಡೀತಿದ್ದ. ಹಲಸಿ ಬಾಜೂಕಿನ ಹಳ್ಳಿ ಅವರದು. ಎತ್ತಿನ ಬೆನ್ನ ಮ್ಯಾಲ ಎರಡೂ ಕಡಿ ಚೀಲ ಹೇರಿ, ಹತ್ತು ಹದಿನೈದು ಎತ್ತು ಸಾಲಾಗಿ ಹೊಡಕೊಂಡು ಘಟ್ಟಾ ಇಳದು, ಗೋವಾದ ಕಡಿಯಿಂದ ಉಪ್ಪು, ಟೆಂಗಿನಕಾಯಿ, ಒಣಮೀನು ತರೂದು. ಬೆಳಗಾವ್ಯಾಗ ಇಳಸೂದು. ಅಲ್ಲಿಂದ ಬ್ಯಾಳಿ, ಬೆಲ್ಲ, ಮೆಣಸಿನಕಾಯಿ ಹೇರಿಕೊಂಡು ಮತ್ತ ಘಟ್ಟದ ಹಾದಿ ಹಿಡಿಯೂದು. ಹಲಸಿ ಗುಡಿ ಕಟ್ಟಿಸಿದ ರಾಜರ ಕಾಲದಾಗೂ ಎತ್ತು ಇದ ಹಾದ್ಯಾಗ ನಡೀತಿದ್ದವು ಅಂತ ಮುತ್ಯಾ ಹೇಳ್ತಿದ್ದನಂತ. ಲಾರಿ ಬಂದ ಮ್ಯಾಲ ಆ ಕೆಲಸ ನಿಂತು ಹೋತು. ಅವ್ವ ಸಣ್ಣಾಕಿದ್ದಾಗ "ನನ್ನೂ ಪ್ಯಾಟಿಗೆ ಕರಕೊಂಡು ಹೋಗು" ಅಂತ ಗಂಟುಬೀಳ್ತಿದ್ಳಂತ. ಹೆಣ್ಣುಹುಡಿಗ್ಯಾರು ಎತ್ತಿನ ಹಿಂದ ಬರಬಾರದು ಅಂತ ಮುತ್ಯಾ ಬಿಟ್ಟು ಹೋಗಾವ. ಅದಕ್ಕ ಬದಲಿ, ತಿರುಗಿ ಬಂದು ಪ್ಯಾಟಿ ಕತಿ ಹೇಳಾವ.

ಎಲ್ಲಿ ಎತ್ತು ಬಿಚ್ಚೂದು, ಯಾವ ಬಾವಿ ನೀರು ಸೀ, ಯಾವ ಓಣ್ಯಾಗ ಗುಜರಾತಿ ಶೇಠ ಗಾದಿ ಹಾಕ್ಕೊಂಡು ಕುಂತಿರತಾನ, ಯಾವ ಮೂಲ್ಯಾಗ ಮುಸಲ್ಮಾನ ಮುದುಕ ಎತ್ತಿನ ಕಾಲಿಗೆ ನಾಲು ಬಡೀತಾನ, ಗೋವಾದ ಕಿರಿಸ್ತಾನರ ಭಟ್ಟ್ಯಾಗ ಪಾವು ಸುಡೂ ವಾಸನಿ ಎಲ್ಲೀತನ ಬರ್ತೈತಿ, ಎಲ್ಲಾ ಅವ್ವನ ಬಾಯಾಗ ಇತ್ತು. ಮುತ್ಯಾ ಎತ್ತಿನ ಕೂಡ ಕನ್ನಡ ಮಾತಾಡ್ತಿದ್ದನಂತ, ಗಿರಾಕಿ ಕೂಡ ಮರಾಠಿ, ಘಟ್ಟದ ಕೆಳಗಿನವರ ಕೂಡ ಕೊಂಕಣಿ, ನಾಲು ಬಡಿಯೂ ಮುದುಕನ ಕೂಡ ಉರ್ದು. "ಆ ಪ್ಯಾಟ್ಯಾಗ ಯಾರನ್ನೂ ಹೊರಗ ನಿಂದ್ರಸಂಗಿಲ್ಲ ತಮ್ಮಾ, ಎಲ್ಲಾರನ್ನೂ ಬರ್ರಿ ಕುಂದರ್ರಿ ಅಂತಾರ" ಅಂತ ಅವ್ವ ನನಗ ಹೇಳಾಕಿ. ನಾ ಆವಾಗ ಹೂಂ ಹೂಂ ಅಂತಿದ್ದೆ. ಕೇಳಿಸಿಕೊಂಡಿದ್ರ ಚೊಲೋ ಇತ್ತು.

ಎರಡು ಸಾವಿರದ ಇಸವಿ ಆಜೂಬಾಜೂ ಇರಬೇಕು, ನನ್ನ ತಂಗಿ ಮದವಿ ಗೊತ್ತಾತು. ಅಪ್ಪ ಹೋಗಿ ಐದು ವರ್ಷ ಆಗಿತ್ತು. ನಾ ಖಾನಾಪುರದಾಗ ಒಂದು ಆಫೀಸಿನ್ಯಾಗ ಕಾರಕೂನ. ಮನಿಗೆ ಹಿರೇಮಗ ಅಂತ ಎಲ್ಲಾದಕ್ಕೂ ನಾನ ಮುಂದ. ಹಿಂದಿನ ವರ್ಷ ಒಂದು ಸಂಬಂಧ ಕೂಡಿ ಬಂದು, ಕಡೀಕ ತಂದಿ ಇಲ್ಲದ ಮನಿ ಬ್ಯಾಡ ಅಂತ ಅವರು ತಿರುಗಿದ್ರು. ಆ ಪೆಟ್ಟು ನನ್ನ ತಲ್ಯಾಗ ಕುಂತಿತ್ತು. ಈಗ ಸಿಕ್ಕಿದ್ದು ಬೆಳಗಾವಿ ಮನಿ. ಮನ್ಯಾಗ ಮರಾಠಿ, ಹೊರಗ ಕನ್ನಡ, ವರಗ ಪಗಾರದ ನೌಕರಿ. ಅವರು ಒಂದು ಹುಬ್ಬು ಏರಿಸಿದ್ರೂ ನನ್ನ ಜೀವ ಹಾರತಿತ್ತು.

ಮದವಿ ಜವಳಿ ತಗೊಳ್ಳಾಕ ಎರಡೂ ಕಡಿಯವರು ಕೂಡಿ ಪ್ಯಾಟಿಗೆ ಹೋಗಿ, ಒಂದ ಅಂಗಡ್ಯಾಗ ಮುಂಜಾನಿಂದ ಸಂಜೀತನ ಗಾದಿ ಮ್ಯಾಲ ಕುಂತು ಆರಿಸೂದಕ್ಕ ನಮ್ಮ ಕಡಿ ಬಸ್ತಾ ಅಂತಾರ. ಬಸ್ತಾದ ದಿನ ಗೊತ್ತಾದ ಕೂಡಲೇ ಅವ್ವ ನನ್ನ ಹತ್ತಿರ ಬಂದು ಕುಂತ್ಳು. ಮಗಳ ಮದವ್ಯಾಗ ಆಕಿ ಕೇಳಿದ್ದು ಅದೊಂದ. "ಅಕ್ಷತಿ ಮುಂದ ಆಕಿ ಉಡೂ ಮೊದಲನೇ ಸೀರಿ ನನ್ನ ಕೈಲೆ ಆರಸ್ತೇನಿ ತಮ್ಮಾ. ಆಮ್ಯಾಲ ಹೊತ್ತಿದ್ರ ಪ್ಯಾಟಿ ಒಂದು ಸುತ್ತ ಹಾಕೂಣು. ಅಪ್ಪ ಹೇಳಿದ್ದೆಲ್ಲಾ ಐತೋ ಇಲ್ಲೋ ನೋಡಬೇಕು." ನಾ ಆತು ಅಂದೆ. ಯಾಕಿಲ್ಲ ಅಂದೆ.

ಬಸ್ತಾದ ಹಿಂದಿನ ದಿನ ಸಂಜಿಮುಂದ ನಮ್ಮ ಕಾಕಿ, ಅಪ್ಪನ ತಮ್ಮನ ಹೆಂಡತಿ, ನನ್ನ ಬಾಜೂಕ ಕರದ್ಳು. "ನೋಡಪಾ, ಪ್ಯಾಟಿ ಮಂದಿ. ಶುಭಕಾರ್ಯದ ಮೊದಲನೇ ಸೀರಿ. ನಿಮ್ಮವ್ವ ಬರೇ ಹಣೀಲೆ ಮುಂದ ಕುಂತು ಮುಟ್ಟಿದ್ರ ಅವರಿಗೆ ಹೆಂಗ ಕಾಣಸ್ತೈತೋ ಏನೋ. ನೀ ಶಾಣ್ಯಾ ಇದ್ದಿ, ವಿಚಾರ ಮಾಡು" ಅಂದ್ಳು. ಕಾಕಿ ಮ್ಯಾಲ ಹಾಕಿ ಕೈ ಝಾಡಿಸಿಕೊಳ್ಳೂದು ಸಸಾರ. ಆಕಿ ವಿಚಾರ ಮಾಡು ಅಂದ್ಳು, ಹಂಗ ಮಾಡು ಅನ್ನಲಿಲ್ಲ. ಮಾಡಿದಾವ ನಾನು. ನಮ್ಮ ಊರಾಗ ಅವ್ವ ಎಲ್ಲಾರ ಮದವಿಗೂ ಹೋಗಾಕಿ. ಸ್ವಾಮಾರ ಮದವಿ ಇರಲಿ, ಗೌಳ್ಯಾರ ಮದವಿ ಇರಲಿ, ಹೋಳಗಿ ಮಾಡಾಕ ಅವ್ವನ್ನ ಕರೀತಿದ್ರು, ಕಣಕಕ್ಕ ಮೊದಲು ಆಕೀನ ಕೈ ಹಾಕಬೇಕು. ಗಂಡ ಸತ್ತ ಮ್ಯಾಲೂ ಯಾರೂ ಆಕಿಗೆ ಹಿಂದ ಸರಿ ಅಂದಿದ್ದಿಲ್ಲ. ಆಕಿ ತಲ್ಯಾಗೂ ಅದು ಇದ್ದಿಲ್ಲ.

ಮರುದಿನ ಮುಂಜಾನೆ ನಾಕ ಮಂದಿ ಹೊಂಟಿವಿ: ಅವ್ವ, ತಂಗಿ, ಕಾಕಿ, ನಾನು. ಅವ್ವ ಇಳಕಲ್ ಸೀರಿ ಉಟ್ಟು, ತಲಿಗೆ ಎಣ್ಣಿ ಹಚ್ಚಿ, ಅರಿವ್ಯಾಗ ರೊಟ್ಟಿ, ಶೇಂಗಾಹಿಂಡಿ ಕಟಗೊಂಡು ಬಂದಿದ್ಳು. ಕಿಡಕಿ ಬಾಜೂಕ ಕುಂತ್ಳು. ಹಾದಿ ಉದ್ದಕ್ಕ ಮಾತ ಮಾತು. ದೇಸೂರ ಬಂದ ಕೂಡಲೇ "ಇಲ್ಲೇ ಎತ್ತಿಗೆ ನೀರು ಕುಡಸ್ತಿದ್ರಂತ" ಅಂತ ಕಂಡಕ್ಟರಗೂ ಹೇಳಿದ್ಳು. ಅಂವ ನಕ್ಕ. ನನಗ ನಗು ಬರಲಿಲ್ಲ. ದೇಸೂರ ದಾಟಿದ ಮ್ಯಾಲ ಹೇಳೂಣು ಅಂದಕೊಂಡೆ, ಪೀರನವಾಡಿ ಬಂತು. ಪೀರನವಾಡ್ಯಾಗ ಹೇಳೂಣು ಅಂದಕೊಂಡೆ, ಟಿಳಕವಾಡಿ ಬಂತು. ಕಡೀಕ ಬಸ್ ಸ್ಟ್ಯಾಂಡಿನ್ಯಾಗ ಇಳದು, ಮಂದಿ ಗದ್ದಲದಾಗ ನಿಂತು ಹೇಳಿದೆ.

"ಅವ್ವಾ, ನೀ ಅಂಗಡೀಗೆ ಬರೂದು ಬ್ಯಾಡ. ಇಲ್ಲೇ ಎದುರಿಗೆ ಕೋಟಿ ಐತಿ, ಒಳಗ ಬಸದಿ ಐತಿ, ನೆಳ್ಳ ಐತಿ. ಸಂಜೀತನ ಕುಂತಿರು."

"ಯಾಕಪಾ?"

"ಮೊದಲನೇ ಸೀರಿ ಆರಿಸೂ ಮುಂದ ನೀ ಇರಬಾರದು."

ಆಕಿಗೆ ತಿಳೀಲಿಲ್ಲ. ಒಂದು ಗಳಿಗಿ ನನ್ನ ಮಾರಿನ ನೋಡಿದ್ಳು. ಆಮ್ಯಾಲ ತಿಳೀತು. ಕೈ ತಾನ ಹಣಿ ಕಡಿ ಹೋತು, ಕುಂಕುಮ ಇಡತಿದ್ದ ಜಾಗಾದಾಗ ಬಟ್ಟು ಆಡಿಸಿದ್ಳು. "ಬೀಗರು ಹಂಗ ಅಂದ್ರೇನು?" ಅಂತ ಕೇಳಿದ್ಳು.

"ಅಂದಿಲ್ಲ. ಅನ್ನಸ್ಕೊಳ್ಳೂದ್ಯಾಕ? ನಾವ ತಿಳಕೊಂಡು ನಡದ್ರ ಮರ್ಯಾದಿ ಉಳೀತೈತಿ."

ತಂಗಿ ರಸ್ತಾದ ಮ್ಯಾಲ ನಿಂತು ಅಳಾಕ ಶುರು ಮಾಡಿದ್ಳು. ಅವ್ವ ಬರಲಿಲ್ಲಂದ್ರ ನಾನೂ ಬರಂಗಿಲ್ಲ ಅಂದ್ಳು. ಆಕೀನ್ನ ಸಮಾಧಾನ ಮಾಡಿದಾಕೀನೂ ಅವ್ವನ. "ಹುಚ್ಚಿ, ಹೋಗು. ಅಣ್ಣ ಸಾಲಿ ಕಲತಾವ, ಅವಗ ಗೊತ್ತಿರತೈತಿ. ಹಸರು ತಗೋ. ನಿನಗ ಹಸರು ಒಪ್ಪತೈತಿ" ಅಂದ್ಳು. ನಾ ಅವ್ವನ್ನ ಕೋಟಿ ಬಾಗಲಾ ದಾಟಿಸಿ, ಬಸದಿ ಹತ್ತಿರ ಒಂದು ಕಟ್ಟಿ ಮ್ಯಾಲ ಕುಂದ್ರಿಸಿ, ತಿರುಗಿ ನೋಡಲಾರದ ಬಂದೆ. ಮಧ್ಯಾಹ್ನ ಬಂದು ಊಟಾ ಮಾಡಸ್ತೇನಿ ಅಂತ ಹೇಳಿದ್ದೆ. ಅದನ್ನೂ ಮಾಡಲಿಲ್ಲ.

ಖಡೇ ಬಜಾರದ ಆಚೆ ಕಡಿ ಒಂದು ಓಣ್ಯಾಗ ಅಂಗಡಿ. ಮೆಟ್ಟು ಬಿಟ್ಟು ಒಳಗ ಹೋದ್ರ ಉದ್ದಕ್ಕ ಬಿಳೀ ಗಾದಿ, ಲೋಡು. ಅಂಗಡಿ ಶೇಠ ಗುಜರಾತಿ. ಮಗನ ಕೂಡ ತಮ್ಮ ಮಾತಿನ್ಯಾಗ ಏನೋ ಅಂದ, ನನ್ನ ಕೂಡ ಕನ್ನಡದಾಗ "ಬರ್ರಿ ಸಾಹೇಬ್ರ, ಕುಂದರ್ರಿ" ಅಂದ, ಬೀಗರ ಕೂಡ ಮರಾಠಿ, ಮೂಲ್ಯಾಗ ಕುಂತಿದ್ದ ಟೇಲರ ಚಾಚಾನ ಕೂಡ ಉರ್ದು. ಬಾಜೂಕಿನ ಗಾದಿ ಮ್ಯಾಲ ಗೋವಾದಿಂದ ಬಂದ ಒಂದು ಮನೆತನ ಕೊಂಕಣಿಯೊಳಗ ಜಗಳಾಡಿಕೋತ ಬಟ್ಟಿ ಆರಸ್ತಿತ್ತು. ಓಣಿ ತುದ್ಯಾಗ ಎಲ್ಲೋ ಪಾವು ಸುಡೂ ವಾಸನಿ. ಅವ್ವ ಹೇಳಿದ್ದೆಲ್ಲಾ ಇತ್ತು. ಹೇಳಿದಾಕಿ ಇದ್ದಿಲ್ಲ.

ಆಮ್ಯಾಲ ಗಾದಿ ನಡುವ ಕುಂತಾಕಿನ್ನ ನೋಡಿದೆ. ವರನ ಅಜ್ಜಿ. ಎಂಬತ್ತರ ಮುದುಕಿ. ಹಣಿ ಬರೇದು, ಕೊರಳು ಬರೇದು, ಕೈಯಾಗ ಬಳಿ ಇಲ್ಲ. ಬೀಗರೆಲ್ಲಾ ಆಕಿ ಸುತ್ತ ಕುಂತಿದ್ರು. ಶೇಠ ಸೀರಿ ಬಿಚ್ಚಿ ಮೊದಲು ಆಕಿ ತೊಡಿ ಮ್ಯಾಲ ಹಾಕಾವ. ಆಕಿ ಮುಟ್ಟಿ, ದಡಿ ತಿಕ್ಕಿ ನೋಡಿ, ಹೂಂ ಅಂದ ಮ್ಯಾಲ ಉಳದವರ ಕೈಗೆ. ವರನ ತಾಯಿ ನಮಗ ತಿಳಿಸಿ ಹೇಳಿದ್ಳು, "ನಮ್ಮ ಮನ್ಯಾಗ ಹಿರ್ಯಾರು ಮುಟ್ಟಿ ಕೊಟ್ಟದ್ದ ಮದವಿ ಸೀರಿ ಆಗತೈತ್ರಿ. ನಮ್ಮ ಮದವಿಗೂ ಹಂಗ ಮಾಡಿದ್ರು."

ಕಾಕಿ ನನ್ನ ಮಾರಿ ನೋಡಿದ್ಳು. ನಾ ಗಾದಿ ನೋಡಿದೆ.

ಅಜ್ಜಿ ಮರಾಠಿ ಕನ್ನಡಾ ಕೂಡಿಸಿ ಕೇಳಿದ್ಳು, "ಹುಡಿಗಿ ಆಯಿ, ಅವ್ವ, ಎಲ್ಲಿ? ಹಿಂದ ಬರಾಕತ್ಯಾರೇನು?"

ಹೌದು ಅನ್ನಬೇಕಿತ್ತು, ಅಷ್ಟ. ಹಿಂದ ಬರಾಕತ್ತಾಳ್ರಿ, ಕೋಟ್ಯಾಗ ಬಸದಿ ನೋಡಾಕ ನಿಂತಾಳ, ಹೋಗಿ ಕರಕೊಂಡು ಬರ್ತೇನಿ ಅಂದಿದ್ರ ಮುಗದಿತ್ತು. ರಿಕ್ಷಾದಾಗ ಹತ್ತು ಮಿನಿಟಿನ ಹಾದಿ. ಆದ್ರ ಯಾಕ ಅಲ್ಲಿ ಬಿಟ್ಟಿ ಅಂತ ಯಾರರ ಕೇಳಿದ್ರ ಏನ ಹೇಳಬೇಕು ಅನ್ನೂ ನಾಚಿಕಿ ನನ್ನ ಬಾಯಿ ಹಿಡೀತು. "ಅವ್ವಗ ಮೈಯಾಗ ಆರಾಮಿಲ್ರಿ. ಮನ್ಯಾಗ ಅದಾಳ" ಅಂದೆ. ಹಸೀ ಸುಳ್ಳು.

ದೇವರು ಅಷ್ಟಕ್ಕ ಬಿಡಲಿಲ್ಲ ನನ್ನ. ಅಜ್ಜಿ ಕೈಯಾಗಿನ ಸೀರಿ ಕೆಳಗ ಇಟ್ಟು, "ಹಂಗಾರ ಇವತ್ತು ಬ್ಯಾಡ. ಎಂಟ ದಿನ ಬಿಟ್ಟು ಬರೂಣು. ಆಯಿ ಇಲ್ಲದ ಬಸ್ತಾ ಎಂಥಾದ್ದು" ಅಂದ್ಳು. ವರನ ತಾಯೀನೂ ಹೌದ್ಹೌದು ಅಂದು ಎದ್ದು ನಿಲ್ಲಾಕ ಹತ್ತಿದ್ಳು. ನನಗ ಮಾತ್ರ ಎಂಟು ದಿನಾ ಬಿಟ್ಟ್ರ ಈ ಸಂಬಂಧಾನೂ ಕೈ ತಪ್ಪತೈತಿ ಅನಿಸ್ತು. ಹೆದರಿದಾವಗ ಎಲ್ಲಾ ಹಗ್ಗಾನೂ ಹಾವ ಕಾಣತೈತಿ. "ಬ್ಯಾಡ್ರಿ, ಅವ್ವನ ಹೇಳಿ ಕಳಿಸ್ಯಾಳ, ನಿಲ್ಲಿಸಬ್ಯಾಡ್ರಿ ಅಂತ" ಅಂದೆ. ಒಂದರ ಮ್ಯಾಲ ಇನ್ನೊಂದು. ತಂಗಿ ತಲಿ ಎತ್ತಲೇ ಇಲ್ಲ. ಮದಮಗಳು ನಾಚಕೊಂಡಾಳ ಅಂತ ಬೀಗರು ನಕ್ಕರು. ಆಕಿ ಕಣ್ಣೀರು ಗಾದಿ ಮ್ಯಾಲ ಬೀಳೂದು ನನಗ ಕಾಣಾಕತ್ತಿತ್ತು.

ಹಸರು ಸೀರೀನ ಆತು. ತಂಗಿ ಹಸರು ಅಂದ್ಳು, ಅಜ್ಜಿ ಮುಟ್ಟಿ ಕೊಟ್ಟಳು. ಮುಂದ ಧೋತರಾ, ಜಂಪರು, ಟೊಪಿಗಿ, ಮಂದೀಗೆಲ್ಲಾ ಕೊಡೂ ಆಹೇರು ಅಂತ ಮುಗಿಯೂದ ಒಲ್ದು. ಮಧ್ಯಾಹ್ನ ಶೇಠ ಎಲ್ಲಾರಿಗೂ ಅಲ್ಲೇ ಪುರಿ ಪಲ್ಯಾ ತರಿಸಿದ. ನಡುವ ಎದ್ದು ಹೋದ್ರ ಎಲ್ಲಿಗೆ ಅಂತ ಕೇಳತಾರ ಅಂತ ನಾ ಏಳಲಿಲ್ಲ. ಕಡೀಕ ಅಜ್ಜಿ ಅಂಜೂರಿ ಬಣ್ಣದ್ದೊಂದು ಸೀರಿ ತಾನ ಹುಡಿಕಿ ತಗದು, ನನ್ನ ಕೈಯಾಗ ಕೊಟ್ಟು, "ಇದು ನಿಮ್ಮ ಆಯೀಗೆ. ನಾ ಆರಿಸೇನಿ ಅಂತ ಹೇಳು. ಆರಾಮಾಗಿ ಮದವ್ಯಾಗ ನನ್ನ ಬಾಜೂಕ ಕುಂದರಬೇಕು ಅಂತ ಹೇಳು" ಅಂದ್ಳು. ಆಕಿ ಕೈ ಸುಕ್ಕಾಗಿ ಬೆಚ್ಚಗಿತ್ತು. ನಾ ಕಾಲಿಗೆ ಬಿದ್ದೆ. ಚೊಲೋ ಹುಡುಗ ಅಂದ್ಳು.

ಕೋಟಿಗೆ ಬಂದಾಗ ಹೊತ್ತು ಇಳದಿತ್ತು. ಅವ್ವ ಕುಂದ್ರಿಸಿದ ಕಟ್ಟಿ ಮ್ಯಾಲ, ಕುಂದ್ರಿಸಿದ ಕಡೀನ ಮಾರಿ ಮಾಡಿ ಕುಂತಿದ್ಳು. ರೊಟ್ಟಿ ಗಂಟು ಹಂಗ ಇತ್ತು. ನಾವು ಊಟಕ್ಕ ಬರ್ತೀವಿ ಅಂತ ಬಿಚ್ಚಿದ್ದಿಲ್ಲ. ಬಸದಿಗೆ ಬಂದ ಒಬ್ಬ ಜೈನರ ಹೆಣ್ಣಮಗಳು ನೀರು ಕೊಟ್ಟು, ಯಾಕ ಒಬ್ಬಾಕಿನ ಕುಂತೀರಿ ಅಂತ ಕೇಳಿದ್ಳಂತ. "ಮಕ್ಕಳು ಬಸ್ತಾಕ್ಕ ಹೋಗ್ಯಾರ್ರಿ, ನನಗ ಗದ್ದಲಾ ಆಗಂಗಿಲ್ಲ ಅಂದೆ" ಅಂತ ಅವ್ವ ನನಗ ಹೇಳಿದ್ಳು. ನನ್ನ ಮಾನ ಕಾಯಾಕ ಆಕೀನೂ ಒಂದು ಸುಳ್ಳು ಹೇಳಿದ್ಳು. ಯಾವ ಬಣ್ಣ ತಗೊಂಡ್ರಿ ಅಂತ ಕೇಳಿದ್ಳು. ತಂಗಿ ಗಡಬಡಿಸಿ ಹಸರು ಸೀರಿ ತಗದು ಆಕಿ ತೊಡಿ ಮ್ಯಾಲ ಇಡಾಕ ಹೋದ್ಳು. ಅವ್ವ ಎರಡೂ ಕೈ ಹಿಂದ ಕಟಗೊಂಡು ಸರದ್ಳು. "ದೂರ ಹಿಡಿ. ಕಾಣಸ್ತೈತಿ. ಭಾಳ ಚೊಲೋ ಐತಿ" ಅಂದ್ಳು.

ಪ್ಯಾಟಿ ತೋರಸ್ತೇನಿ ನಡಿ ಅವ್ವಾ ಅಂದೆ. ಹೊತ್ತಾತು, ಬಸ್ ಹೋಗತೈತಿ, ಮತ್ತ ಯಾವಾಗರ ನೋಡೂಣು ಅಂದ್ಳು. ಆ ಮತ್ತ ಯಾವಾಗರ ಬರಲೇ ಇಲ್ಲ. ಆಮ್ಯಾಲೂ ನಾ ಎಷ್ಟೋ ಸಲ ಕರದೆ, ಏನರ ಒಂದು ಕೆಲಸಾ ಹಚ್ಚಿಕೊಂಡು ಬ್ಯಾಡ ಅಂದ್ಳು. ಸಾಯೂತನ ಆಕಿ ಬೆಳಗಾವಿ ಪ್ಯಾಟಿ ನೋಡಲಿಲ್ಲ. ನಾ ಪ್ಯಾಟಿಗೆ ಹೋಗಿ ಬಂದಾಗ, ಮುತ್ಯಾ ಹೇಳಿದ್ದೆಲ್ಲಾ ಐತೇನು ಅಂತ ಒಮ್ಮಿನೂ ಕೇಳಲಿಲ್ಲ.

ಅಜ್ಜಿ ವಿಷಯಾ ನಾ ಹೇಳಲಿಲ್ಲ. ಅಂಜೂರಿ ಸೀರಿ ಕೊಟ್ಟು, ಬೀಗರು ಕೊಟ್ಟಾರ ಅಂದು ಮುಗಿಸಿದೆ. ತಂಗಿ ಸುಮ್ಮನಿರಲಿಲ್ಲ, ಮರುದಿನ ಮುಂಜಾನೆ ಒಲಿ ಮುಂದ ಎಲ್ಲಾ ಹೇಳಿದ್ಳು. ಗಾದಿ ನಡುವ ಬರೇ ಹಣಿ ಅಜ್ಜಿ ಕುಂತದ್ದು, ಆಯಿ ಎಲ್ಲಿ ಅಂತ ಕೇಳಿದ್ದು, ಎಂಟು ದಿನ ಬಿಟ್ಟು ಬರೂಣು ಅಂದದ್ದು, ಅಣ್ಣ ಹೇಳಿದ ಸುಳ್ಳು. ನಾ ಬಾಗಲದಾಗ ನಿಂತು ಕೇಳಾಕತ್ತಿದ್ದೆ. ಅವ್ವ ಬೈದಿದ್ರ, ಎರಡು ಏಟು ಹೊಡದಿದ್ರ ನಾ ಉಳೀತಿದ್ದೆ. ಆಕಿ ನನಗ ಚಹಾ ತಂದು ಕೊಟ್ಟು, "ಅವರ ಮನಿ ರೀತಿ ಬ್ಯಾರೆ ಇರತೈತಿ ತಮ್ಮಾ. ನಮ್ಮನ್ಯಾಗ ಅಪ್ಪ ಹೋದ ಮ್ಯಾಲ ನೀನ ಹಿರಿಯಾ. ನೀ ಹೇಳಿದ್ದ ಖರೇ. ನನಗ ಇಷ್ಟು ದಿನಾ ತಿಳದಿದ್ದಿಲ್ಲ, ಎಲ್ಲಾರ ಮನಿ ಕಣಕಕ್ಕೂ ಕೈ ಹಾಕ್ಕೋತ ಹೋದೆ. ಯಾರ್ಯಾರಿಗೆ ಕೆಟ್ಟದಾತೋ ಏನೋ" ಅಂದ್ಳು. ಸಿಟ್ಟಿನ ಮಾತಲ್ಲ ಅದು. ಖರೇನ ಹಂಗ ನಂಬಿದ್ಳು. ತಪ್ಪಾತವ್ವಾ, ನಾ ಹುಚ್ಚ ಅಂತ ಅತ್ತೆ, ಕಾಲ ಹಿಡದೆ. ಆಕಿ ನನ್ನ ತಲಿ ಸವರಿ ಹುಚ್ಚಪ್ಪಾ ಅಂದ್ಳು. ನಂಬಿಕಿ ಮಾತ್ರ ಬಿಡಲಿಲ್ಲ.

ಮದವ್ಯಾಗ ಅಜ್ಜಿ ಬಂದಾಕಿನ ಅವ್ವನ್ನ ಹುಡಿಕಿದ್ಳು. ಅವ್ವ ಹಿತ್ತಲದಾಗ ಭಾಂಡೆ ತಿಕ್ಕೂ ಕಡಿ ಕುಂತಿದ್ಳು, ಅಡಗಿ ಕಟ್ಟಿಗೂ ಬಂದಿದ್ದಿಲ್ಲ. ಅಜ್ಜಿ ಕೋಲು ಊರಿಕೋತ ಅಲ್ಲೀತನ ಹೋಗಿ, ಕೈ ಹಿಡದು ಎಳಕೊಂಡು ಬಂದ್ಳು. ಬಾಗಲಾತನ ಬಂದ್ಳು ಅವ್ವ. ಮುಂದ ಒಲ್ಲೆ ಅಂದ್ಳು. ನಾನೂ ಹೋಗಿ ಕರದೆ, ಬಾ ಅವ್ವಾ, ನಾ ಹೇಳ್ತೇನಿ ಬಾ ಅಂದೆ. "ನೀ ಇವತ್ತು ಮಂದಿ ಮುಂದ ನಾಚಿ ಹೇಳ್ತಿ" ಅಂದ್ಳು. ಬಾಗಲದಾಗ ನಿಂತ ಅಕ್ಷತಿ ಒಗದ್ಳು. ಅಲ್ಲಿಂದ ಮಂಟಪಕ್ಕ ಅಕ್ಷತಿ ಮುಟ್ಟಂಗಿಲ್ಲ, ನಡುವ ಕುಂತವರ ತಲಿ ಮ್ಯಾಲ ಬಿದ್ದವು.

ಮುಂದಿನ ವರ್ಷ ತಂಗಿ ಚೊಚ್ಚಲ ಬಾಣಂತನಕ್ಕ ನಮ್ಮ ಮನಿಗೆ ಬಂದಿದ್ಳು. ಖಾನಾಪುರ ದವಾಖಾನ್ಯಾಗ ಹಡದ್ಳು. ನಾನು, ಅವ್ವ, ಕಾಕಿ ಮುಂಜಾನಿಂದ ಹೊರಗಿನ ಬಾಕಿನ ಮ್ಯಾಲ ಕುಂತಿದ್ವಿ. ಅವ್ವನ ತುಟಿ ಒಂದ ಸವನೆ ಅಲಗ್ಯಾಡತಿದ್ವು, ಕೈಯಾಗ ತನ್ನ ಹಳೇ ಸೀರಿ ಹರದು ಒಗದು ಮಾಡಿದ ಮೆತ್ತನ್ನ ಅರಿವಿ ಇತ್ತು. ನರ್ಸಬಾಯಿ ಬಾಗಲಾ ತಗದು ಬಂದ್ಳು. ಹೆಣ್ಣು ಕೂಸು. "ಅಜ್ಜಿ ಯಾರ್ರಿ, ಬರ್ರಿ, ಕೂಸು ತಗೋರಿ" ಅಂದ್ಳು. ಅವ್ವ ಗಡಬಡಿಸಿ ಎದ್ಳು. ಅರಿವಿ ಬಿಚ್ಚಿ ಎರಡೂ ಕೈ ಮುಂದ ಮಾಡಿದ್ಳು. ಮಾಡಿದಾಕಿ ನಿಂತ್ಳು. ಕೈ ಹಿಂದಕ್ಕ ತಗೊಂಡು, ಸೆರಗಿನ್ಯಾಗ ಮುಚ್ಚಿ, ನನ್ನ ಕಡಿ ತಿರುಗಿದ್ಳು.

"ತಮ್ಮಾ, ಮೊದಲು ನಾ ಮುಟ್ಟಬಹುದೇನು?"

ಹೂಂ ಅನ್ನಬೇಕಿತ್ತು. ಮುಟ್ಟವ್ವಾ, ನೀ ಮುಟ್ಟಲಿಲ್ಲಂದ್ರ ಆ ಕೂಸಿಗೆ ಮತ್ಯಾರು ಅನ್ನಬೇಕಿತ್ತು. ನಾ ಆಕಿ ಸೆರಗಿನ್ಯಾಗ ಮುಚ್ಚಿದ ಕೈ ನೋಡಿಕೋತ ಉಳದೆ. ಒಂದು ಗಳಿಗಿ ಇರಬೇಕು ಅದು, ಹೆಚ್ಚಲ್ಲ. ಅಷ್ಟರಾಗ ನರ್ಸಬಾಯಿ ಅವಸರ ಮಾಡಿದ್ಳು, ಕಾಕಿ ಮುಂದ ಬಂದು ಕೂಸಿನ್ನ ತಗೊಂಡ್ಳು.

"ಚೊಲೋ ಆತು" ಅಂದ್ಳು ಅವ್ವ. ತನ್ನ ಕೈಯಾಗಿನ ಅರಿವಿ ಕಾಕಿಗೆ ಕೊಟ್ಟಳು.